ಗುಂಡಿಗೂ ಹೆಪ್ಪು ಬೇಕು

ಮಧುಗಿರಿಯ ನಮ್ಮ ಬೀದಿಯಲ್ಲಿ ಮೊಟ್ಟಮೊದಲು ಸೆಪ್ಟಿಕ್ ಟ್ಯಾಂಕಿನ ಕಕ್ಕಸು ಕಟ್ಟಿಸಿದವರು ನಾವು. ಮೊಟ್ಟಮೊದಲು ಅದನ್ನು ಕೆಡಿಸಿಕೊಂಡವರೂ ನಾವೇ. ಕೆಟ್ಟದ್ದನ್ನು ಸರಿಮಾಡಿದವಳು ನಾನು. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ. ನನ್ನ ವಾರಿಗೆಯ ಹೆಂಗಸರು ಹಪ್ಪಳ ಒತ್ತಿದ್ದು, ಸಂಡಿಗೆ ಇಟ್ಟಿದ್ದು ನೆನೆಸಿಕೊಂಡು ಹೇಳುತ್ತಾರೆ. ನಾನೂ ಹಪ್ಪಳ ಒತ್ತಿದ್ದೇನೆ, ಆದರೆ ಅದರ ಬಗ್ಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ನನ್ನ ತವರು ಶಿರಾ. ಅಪ್ಪ ಕಟ್ಟಡದ ಗುತ್ತಿಗೆ ಹಿಡಿಯುತ್ತಿದ್ದರು. ಬಾವಿ ತೋಡಿಸುವುದು, ನೀರಿನ ತೊಟ್ಟಿ ಕಟ್ಟಿಸುವುದು, ಗಾರೆ ನೆಲ ಹಾಕಿಸುವುದು, ದೊಡ್ಡ ಮನೆಗಳಿಗೆ ಸಂಡಾಸು ಕಟ್ಟಿಸುವುದು, ಯಾವುದನ್ನೂ ಬಿಡುತ್ತಿರಲಿಲ್ಲ. ಕಕ್ಕಸಿಗೆ ನಮ್ಮೂರಲ್ಲಿ ಸಂಡಾಸು ಎನ್ನುವುದೇ ವಾಡಿಕೆ. ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋದ ನಾನು ಸಂಜೆಯವರೆಗೂ ಅಪ್ಪನ ಹಿಂದೆಯೇ ಇರುತ್ತಿದ್ದೆ. ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ ಮೊದಲು ನೋಡು, ಗೋಡೆಯ ಮಾತು ಆಮೇಲೆ ಎಂದು ಅವರು ಮೇಸ್ತ್ರಿಗಳಿಗೆ ಹೇಳುವುದನ್ನು ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಮಧುಗಿರಿಯ ಜವಳಿ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದಾಗ ಈ ವಿದ್ಯೆ ಯಾರಿಗೂ ಬೇಕಾಗಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಸೊಸೆ ಎಂಬುವವಳು ದಿನವೆಲ್ಲ ಇರುವುದೇ ಹಿತ್ತಲಲ್ಲಿ.

ಮಾವ ತೀರಿಹೋದ ಮೇಲೆ ಮನೆಯ ಯಜಮಾನಿಕೆ ನನ್ನ ಗಂಡನ ಅಣ್ಣನದು, ಎಂದರೆ ನಮ್ಮ ಭಾವನದು. ಕಕ್ಕಸು ಕೆಟ್ಟ ವರ್ಷ ಅವರ ಹೆಂಡತಿ ಬಾಣಂತನಕ್ಕೆಂದು ಕೊರಟಗೆರೆಯ ತವರಿಗೆ ಹೋಗಿದ್ದರು. ಯುದ್ಧದ ಕಾಲ. ಬಟ್ಟೆಗೆ ಕಷ್ಟವಾಗಿ ನನ್ನ ಗಂಡ ಸರಕು ಹುಡುಕಿಕೊಂಡು ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸುಗಳಲ್ಲಿ ಊರೂರು ಅಲೆಯುತ್ತಿದ್ದರು. ಹಾಗಾಗಿ ಮನೆಯಲ್ಲಿ ಇರುತ್ತಿದ್ದವರು ಹೆಚ್ಚಾಗಿ ಭಾವ, ಅತ್ತೆ, ನಾನು. ಭಾವನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಬಡಿಸಲು ತಲೆ ತಗ್ಗಿಸಿ ಬಂದುಹೋಗಬಹುದು, ಮಾತೇನಿದ್ದರೂ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಹೇಳಬೇಕು. ನಾನು ಹಾಗೆಯೇ ಹೇಳುತ್ತಿದ್ದೆ. ನನ್ನ ಗಂಟಲಿಗೆ ಆ ಬಾಗಿಲು ಯಾವತ್ತೂ ಅಡ್ಡ ಬರಲಿಲ್ಲ.

ಅತ್ತೆ ಮದಲೂರಿನವರು, ದೊಡ್ಡ ಕೆರೆಯ ಊರಿನ ಗಟ್ಟಿ ಹೆಂಗಸು. ಹೊತ್ತಿಗೆ ಎರಡು ಮುದ್ದೆ ಉಣ್ಣುತ್ತಿದ್ದರು. ಉಂಡು ಒಂದು ಚೊಂಬು ಮಜ್ಜಿಗೆಯನ್ನು ಒಂದೇ ಉಸಿರಿಗೆ ಎತ್ತಿಬಿಡುತ್ತಿದ್ದರು. ನಾನು ಹೊಸದಾಗಿ ಬಂದಾಗ ನಾಚಿಕೊಂಡು ಅರೆಹೊಟ್ಟೆ ಉಣ್ಣುತ್ತಿದ್ದುದನ್ನು ಕಂಡು, ಉಣ್ಣುವುದಕ್ಕೆ ನಾಚುವವಳು ದುಡಿಯುವುದಕ್ಕೂ ನಾಚುತ್ತಾಳೆ ಎಂದು ಬೈದು ಬಡಿಸಿದವರು ಅವರು. ಅವತ್ತಿನಿಂದ ನನಗೆ ಅವರೆಂದರೆ ಪ್ರಾಣ.

ಒಂದು ಮಳೆಗಾಲ ಬಾವಿಕಟ್ಟೆಯ ಮೇಲೆ ಜಾರಿ ಬಿದ್ದು ಅತ್ತೆ ಸೊಂಟದ ಮೂಳೆ ಮುರಿದುಕೊಂಡರು. ಪಟ್ಟು ಕಟ್ಟಿದ್ದಾಯಿತು, ಎಣ್ಣೆ ತಿಕ್ಕಿದ್ದಾಯಿತು. ಕೋಲು ಊರಿಕೊಂಡು ಮನೆಯೊಳಗೆ, ಹಿತ್ತಲಲ್ಲಿ ಓಡಾಡುವಷ್ಟಾದರು, ಅಷ್ಟೆ. ಅಲ್ಲಿಯವರೆಗೆ ನಾವು ಹೆಂಗಸರೆಲ್ಲ ಬೆಳಕು ಹರಿಯುವ ಮುಂಚೆ ಚೊಂಬು ಹಿಡಿದು ಬೆಟ್ಟದ ಬುಡದ ಬಂಡೆಗಳ ಮರೆಗೆ ಹೋಗಿಬರುತ್ತಿದ್ದೆವು. ಇನ್ನು ಅತ್ತೆಗೆ ಆ ದಾರಿ ಮುಗಿಯಿತು. ಕೆಲವು ತಿಂಗಳು ಮೂಲೆಕೋಣೆಯಲ್ಲಿ ಮಡಕೆ ಇಟ್ಟು ನೋಡಿಕೊಂಡೆವು. ಅದನ್ನು ಎತ್ತಿಹಾಕಲು ನಾನು ಹೋದಾಗಲೆಲ್ಲ ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ಭಾವ ಇದನ್ನು ನೋಡಿ ತಡೆಯಲಾರದೆ ತುಮಕೂರಿನಿಂದ ಓವರ್‌ಸಿಯರ್ ಒಬ್ಬರನ್ನು ಕರೆಸಿ, ಹಿತ್ತಲ ಮೂಲೆಯಲ್ಲಿ ಕಕ್ಕಸು, ಅದರ ಪಕ್ಕದಲ್ಲಿ ನೆಲದೊಳಗೆ ಟ್ಯಾಂಕು, ಟ್ಯಾಂಕಿನ ಆಚೆಗೆ ತಿಳಿನೀರು ಇಂಗುವುದಕ್ಕೆ ಕಲ್ಲು ತುಂಬಿದ ಗುಂಡಿ, ಎಲ್ಲವನ್ನೂ ಕಟ್ಟಿಸಿದರು. ಸಿಮೆಂಟು ಸಿಗದೆ ಗಾರೆಯಲ್ಲೇ ಕಟ್ಟಿದ್ದು. ನನ್ನ ಭಾವನ ಮೇಲೆ ನನಗೆ ಎಷ್ಟೋ ಸಿಟ್ಟುಗಳಿವೆ, ಆದರೆ ತಾಯಿಗಾಗಿ ಅಷ್ಟು ಮಾಡಿದ ಇನ್ನೊಬ್ಬ ಮಗನನ್ನು ಆ ಬೀದಿಯಲ್ಲಿ ನಾನು ಕಾಣಲಿಲ್ಲ. ಅತ್ತೆ ಮೊದಲ ಸಲ ಹೋಗಿ ಬಂದವರು, ಒಳಗೆ ಕೂತರೆ ಎದ್ದು ಬರಲು ಮನಸ್ಸೇ ಆಗುವುದಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿ ನಕ್ಕರು. ಗಂಡಸರು ಮಾತ್ರ ಅಭ್ಯಾಸಬಲದಿಂದ ಕೆರೆ ಕಡೆಗೇ ಹೋಗುತ್ತಿದ್ದರು. ನಾನೂ ಬೆಟ್ಟದ ಕಡೆಯ ಗೆಳತಿಯರ ಮಾತು ಬಿಟ್ಟಿರಲಾರದೆ ಹಳೆಯ ದಾರಿಯನ್ನೇ ಹಿಡಿಯುತ್ತಿದ್ದೆ. ನಿಜವಾಗಿ ಆ ಕಕ್ಕಸು ಅತ್ತೆಯೊಬ್ಬರದೇ.

ವರ್ಷ ತುಂಬುವುದರೊಳಗೆ ಅದು ಮುನಿಸಿಕೊಂಡಿತು. ಸುರಿದ ನೀರು ಇಳಿಯದೆ ಮೇಲಕ್ಕೆ ಬರತೊಡಗಿತು. ಇಂಗುವ ಗುಂಡಿಯ ಸುತ್ತ ದಾಳಿಂಬೆ ಗಿಡದವರೆಗೂ ನೆಲ ಜೌಗಾಯಿತು. ಗಾಳಿ ಬೀಸಿದಾಗ ಪಕ್ಕದ ಮನೆಯವರು ಕಿಟಕಿ ಮುಚ್ಚುವ ಸದ್ದು ನಮಗೆ ಕೇಳುವ ಹಾಗೆ ಮುಚ್ಚುತ್ತಿದ್ದರು. ಭಾವನ ತೀರ್ಮಾನ ಸಿದ್ಧವಾಗಿತ್ತು: ಮಧುಗಿರಿಯೆಂದರೆ ಒಂದೇ ಬಂಡೆ, ಮೇಲೆ ಕಾಣುವುದು ಬೆಟ್ಟ, ಕೆಳಗೆ ಕಾಣದಿರುವುದೂ ಬೆಟ್ಟವೇ, ಬಂಡೆಯಲ್ಲಿ ನೀರು ಹೇಗೆ ಇಂಗೀತು? ಹಾಗೆಂದು ಹೇಳಿಕೊಂಡೇ ಪಕ್ಕದಲ್ಲಿ ಇನ್ನೊಂದು ಇಂಗುಗುಂಡಿ ತೋಡಿಸಿ ಹಳೆಯದಕ್ಕೆ ಕೂಡಿಸಿದರು. ಅದೂ ಕೆಲವೇ ವಾರಗಳಲ್ಲಿ ತುಂಬಿ ನಿಂತಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಒಲೆಯ ಮುಂದೆ ಗೊಣಗಿದೆ.

ಅವತ್ತು ಊಟಕ್ಕೆ ಕೂತಾಗ ಭಾವ ಬೇಸರದಲ್ಲೇ ನಗುತ್ತಾ ಒಂದು ಮಾತು ಆಡಿದರು.

"ಎರಡೆರಡು ಗುಂಡಿ ತೋಡಿಸ್ದೆ. ಒಬ್ಬ್ ಮುದುಕಿ ಇಷ್ಟನ್ನೂ ತುಂಬುಸ್ಬುಟ್ಲಲ್ಲಪ್ಪ."

ಕೆಟ್ಟ ಮನಸ್ಸಿನಿಂದ ಆಡಿದ್ದಲ್ಲ. ಅವರು ಯಾವಾಗಲೂ ಹಾಗೆಯೇ, ಅಂಗಡಿಯಲ್ಲೂ ಮನೆಯಲ್ಲೂ ಗೇಲಿಯ ಮಾತೇ. ಸೊಂಟ ಮುರಿದ ಮೇಲೆ ಅತ್ತೆ ಕಾಲು ಚಾಚಿಕೊಂಡು ಮಗನ ಎದುರಿಗೇ ಮಣೆಯ ಮೇಲೆ ಊಟಕ್ಕೆ ಕೂರುತ್ತಿದ್ದರು. ಅವರೂ ಮಗನ ಜೊತೆ ನಕ್ಕರು. ಆದರೆ ಎರಡನೆಯ ಮುದ್ದೆ ಹಾಕಲು ಹೋದಾಗ ತಣಿಗೆಗೆ ಕೈ ಅಡ್ಡ ಇಟ್ಟರು.

ಮಾರನೆಯ ದಿನವೂ ಒಂದೇ ಮುದ್ದೆ. ಆಮೇಲೆ ಅರ್ಧ. ಮಜ್ಜಿಗೆ ಚೊಂಬಿನಿಂದ ಲೋಟಕ್ಕೆ ಇಳಿಯಿತು, ನೀರು ನಾಲಿಗೆ ಒದ್ದೆ ಮಾಡುವಷ್ಟಕ್ಕೆ ಬಂತು. ಕೇಳಿದರೆ ಹಸಿವಿಲ್ಲ, ವಯಸ್ಸಾಯಿತು, ಕೂತಲ್ಲೇ ಕೂತವಳಿಗೆ ಎಷ್ಟು ಬೇಕು ಎನ್ನುವ ಉತ್ತರ. ಭಾವ ನಂಬಿದರು. ನಾನು ನಂಬಲಿಲ್ಲ. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡವರ ಮುಖ ಹೇಗಿರುತ್ತದೆ ಎಂದು ನನಗೆ ಗೊತ್ತು. ಊಟ ಕಡಿಮೆಯಾದರೆ ಕಕ್ಕಸಿಗೆ ಹೋಗುವುದೂ ಕಡಿಮೆಯಾಗುತ್ತದೆ ಎಂಬ ಲೆಕ್ಕ ಅವರದು. ಕೈಯ ಬೆಳ್ಳಿ ಕಡಗ ಮೊಣಕೈಯವರೆಗೂ ಜಾರುವಷ್ಟು ಸೊರಗಿದರು. ಇಷ್ಟರಲ್ಲಿ ಭಾವ ಮತ್ತೊಂದು ತೀರ್ಮಾನ ಹೇಳಿದರು. ಶ್ರಾವಣ ಕಳೆದ ಕೂಡಲೆ ಆಳುಗಳನ್ನು ಕರೆಸಿ ಟ್ಯಾಂಕು, ಗುಂಡಿ ಎಲ್ಲವನ್ನೂ ಮಣ್ಣು ತುಂಬಿ ಮುಚ್ಚುವುದು, ಅಮ್ಮನಿಗೆ ಮತ್ತೆ ಮೂಲೆಕೋಣೆಯೇ ಸರಿ ಎಂದು. ಮೂಲೆಕೋಣೆ ಎಂದ ಕೂಡಲೆ ಅತ್ತೆ ಗೋಡೆಯ ಕಡೆ ತಿರುಗಿದರು. ಆ ಕೋಣೆಗೆ ಅವರು ಮತ್ತೆ ಹೋದರೆ ಉಣ್ಣುವುದನ್ನು ಪೂರ್ತಿ ಬಿಟ್ಟೇಬಿಡುತ್ತಾರೆ ಎಂದು ನನಗೆ ಅನ್ನಿಸಿತು. ನನಗೆ ಹೆದರಿಕೆಯಾಯಿತು. ಹೆದರಿಕೆಯಾದರೆ ನನಗೆ ಮೊದಲು ಬರುವುದು ಸಿಟ್ಟು.

ಬಾಗಿಲ ಹಿಂದೆ ನಿಂತು ಹೇಳಿದೆ: ನೆಲದ ತಪ್ಪಲ್ಲ, ಮುಚ್ಚಬೇಡಿ, ಏನು ಕೆಟ್ಟಿದೆ ಎಂದು ನಾನು ನೋಡುತ್ತೇನೆ. ಭಾವ ಮೊದಲು ನಕ್ಕರು. ಆಮೇಲೆ, ಶ್ರಾವಣ ಕಳೆಯುವವರೆಗೆ ನಿನ್ನ ಇಷ್ಟ, ಆಳುಗಳು ಬಂದ ಮೇಲೆ ನನ್ನ ಇಷ್ಟ ಎಂದು ಅಂಗಡಿಗೆ ಹೊರಟರು. ನನಗೆ ಅಷ್ಟು ಸಾಕಾಗಿತ್ತು.

ಮೊದಲು ನೆಲವನ್ನೇ ಕೇಳಿದೆ. ಜೌಗಿನಿಂದ ದೂರ, ಒಣಗಿದ ಜಾಗದಲ್ಲಿ ಹಾರೆಯಿಂದ ತೋಳುದ್ದದ ಕುಳಿ ತೋಡಿ ಒಂದು ಕೊಡ ನೀರು ಹೊಯ್ದು, ಒಳಗೆ ಹೋಗಿ ಕಾರ ಅರೆಯಲು ಕೂತೆ. ಅರೆದು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಕುಳಿ ಖಾಲಿ. ಮತ್ತೆ ಹೊಯ್ದೆ, ಮತ್ತೆ ಕುಡಿಯಿತು. ಬಂಡೆ ಇದ್ದರೆ ಇನ್ನೂ ಕೆಳಗಿದೆ, ಮೇಲಿನ ಕೆಂಪುಮಣ್ಣು ಒಳ್ಳೆಯ ಬಾಯಾರಿಕೆಯ ಮಣ್ಣು. ಹಾಗಾದರೆ ನೀರು ಮಣ್ಣನ್ನು ಮುಟ್ಟುವುದಕ್ಕೆ ಏನೋ ಅಡ್ಡವಿದೆ.

ಇಂಗುಗುಂಡಿಯ ಮೇಲಿನ ಮಣ್ಣು ಸರಿಸಿ ಒಂದು ಕಲ್ಲು ಎತ್ತಿ ನೋಡಿದೆ. ಕಲ್ಲಿನ ಸುತ್ತ ಬೂದುಬಣ್ಣದ ನುಣ್ಣನೆಯ ಕೆಸರು ಮೆತ್ತಿ ಗಟ್ಟಿಯಾಗಿತ್ತು, ಗಾರೆ ಬಳಿದ ಹಾಗೆ. ಟ್ಯಾಂಕಿನಿಂದ ತಿಳಿನೀರು ಮಾತ್ರ ಬರಬೇಕಾದ ಕಡೆ ಇದು ಎಲ್ಲಿಂದ ಬಂತು? ಟ್ಯಾಂಕಿನ ಮುಚ್ಚಳದ ಚಪ್ಪಡಿಯನ್ನು ಆಳಿನ ಕೈಯಲ್ಲಿ ಪಕ್ಕಕ್ಕೆ ಜರುಗಿಸಿ, ಉದ್ದನೆಯ ಬಿದಿರಿಗೆ ಹಳೆಯ ಬಿಳಿ ಪಂಚೆ ಸುತ್ತಿ ತಳ ಮುಟ್ಟುವವರೆಗೆ ಇಳಿಸಿ, ಮೆಲ್ಲಗೆ ಎತ್ತಿದೆ. ಇದು ಅಪ್ಪನ ಉಪಾಯ. ಬಟ್ಟೆಯ ಮೇಲೆ ಗುರುತು ಬಿದ್ದುಬಿಡುತ್ತದೆ, ಎಷ್ಟು ನೀರು, ತಳದಲ್ಲಿ ಕೂತ ಕೊಳೆಕೆಸರು ಅಂದರೆ ರೊಚ್ಚು ಎಷ್ಟು ಎಂದು. ಕಕ್ಕಸಿನ ರೊಚ್ಚು ಕಪ್ಪಗಿರಬೇಕು, ಒಬ್ಬರೇ ಬಳಸಿದ್ದಕ್ಕೆ ಒಂದು ಗೇಣಿನಷ್ಟೂ ಇರಬಾರದು. ಪಂಚೆ ಅರ್ಧಕ್ಕಿಂತ ಮೇಲಿನವರೆಗೆ ಬೂದುಬಣ್ಣವಾಗಿತ್ತು. ಬೆರಳಲ್ಲಿ ತಿಕ್ಕಿ ನೋಡಿದೆ. ದಿನಾ ಪಾತ್ರೆ ತಿಕ್ಕುವವಳಿಗೆ ಬೂದಿಯನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ.

ಆಗ ಹೊಳೆಯಿತು. ಬಚ್ಚಲಮನೆಯ ಹಂಡೆಯ ಒಲೆಯಿಂದ ತೆಗೆದ ಬೂದಿಯನ್ನು ನಾನು ಮೂಲೆಯಲ್ಲಿ ಗುಡ್ಡೆ ಹಾಕುತ್ತಿದ್ದೆ. ಆ ಗುಡ್ಡೆ ಎಷ್ಟು ದಿನವಾದರೂ ಬೆಳೆಯುತ್ತಲೇ ಇರಲಿಲ್ಲ. ತಿಪ್ಪೆಗೆ ಹಾಕಿದ್ದು ನಾನಲ್ಲ. ಇನ್ನು ಯಾರು?

ಬಚ್ಚಲು ಕಾಣುವ ಹಾಗೆ ಅಡುಗೆಮನೆಯ ಬಾಗಿಲ ಮರೆಯಲ್ಲಿ ಅಕ್ಕಿ ಆರಿಸುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಕೋಲಿನ ಸದ್ದು. ಅತ್ತೆ ಮೂಲೆಗೆ ಹೋಗಿ, ಒಂದು ಮಣ್ಣಿನ ಕುಡಿಕೆ ತುಂಬ ಬೂದಿ ತುಂಬಿಕೊಂಡು, ಸೆರಗಿನಲ್ಲಿ ಮುಚ್ಚಿಕೊಂಡು, ಕಕ್ಕಸಿನ ಕಡೆಗೆ ನಡೆದರು. ಹೊರಗೆ ಬಂದಾಗ ಎದುರಿಗೆ ನಾನಿದ್ದೆ. ಕುಡಿಕೆ ಖಾಲಿಯಾಗಿತ್ತು. ಬಚ್ಚಿಡಲು ಹೋಗಿ ಕೋಲು ಕೆಳಗೆ ಬೀಳಿಸಿಕೊಂಡರು.

ನಾನು ಕೋಲು ಎತ್ತಿಕೊಟ್ಟು, ಅವರನ್ನು ಹಿತ್ತಲ ಜಗಲಿಯ ಮೇಲೆ ಕೂರಿಸಿ ಕೇಳಿದೆ. ಅವರು ನೆಲ ನೋಡುತ್ತಾ ಹೇಳಿದರು.

"ಮದಲೂರಲ್ಲಿ ಕೆರೆ ಹಿಂದುಕ್ಕೋದ್ರೂ ಒಂದ್ ಹಿಡಿ ಮಣ್ಣು ಮುಚ್ಚಿ ಬತ್ತಿದ್ವಿ ಕಣವ್ವ. ಹಂಗೇ ಬುಟ್ಟು ಬರೋದು ಪ್ರಾಣಿ ಗುಣ. ಇಲ್ಲಿ ಮಣ್ಣೆಲ್ಲೈತೆ? ಬೂದಿ ಅಂದ್ರೆ ಹಣೆಗಿಟ್ಕೊಳೋ ಪದಾರ್ಥ, ಅದು ಬಿದ್ದ ಕಡೆ ಮೈಲಿಗೆ ನಿಲ್ಲಲ್ಲ. ಅವ್ನು ಅಂಗಂದ್ಮೇಲೆ ಇನ್ನೂ ಜಾಸ್ತಿ ಆಕ್ದೆ. ನಾನೋಗಿದ್ದ ಗುರ್ತೇ ಇರಬಾರ್ದು ಅಂತ."

ಲಿಂಗ ಕಟ್ಟಿದ ಮನೆಯಲ್ಲಿ, ಮೂರು ಹೊತ್ತೂ ವಿಭೂತಿ ಧರಿಸುವವರಿಗೆ, ಬೂದಿಯಿಂದ ಕೆಡುಕಾಗುತ್ತದೆ ಎಂದು ಹೇಳಿದರೆ ಯಾರು ನಂಬುತ್ತಾರೆ? ಇಷ್ಟು ದಿನ ಗುಂಡಿಯನ್ನು ಕೆಡಿಸುತ್ತಿದ್ದವರೂ ಅವರೇ, ಗುಂಡಿ ಕೆಟ್ಟಿತೆಂದು ಉಪವಾಸ ಬಿದ್ದವರೂ ಅವರೇ. ಸುತ್ತಿಬಳಸಿ ಹೇಳುವುದು ನನಗೆ ಬರುವುದಿಲ್ಲ. ಅವರಿಗೆ ಗೊತ್ತಿರುವ ಮಾತಿನಲ್ಲಿ ಕೇಳಿದೆ.

"ಅತ್ತೆ, ಹಾಲಿಗೆ ಹೆಪ್ಪಾಕಿ, ಮೇಲೊಂದು ಹಿಡಿ ಬೂದಿ ಸುರಿದ್ರೆ ಮೊಸರಾಗುತ್ತಾ?"

"ಹೆಂಗಾಯ್ತದೆ? ಹಾಲೂ ಕೆಟ್ಟೋಯ್ತದೆ."

"ಈ ಗುಂಡಿಯಲ್ಲೂ ಹೆಪ್ಪಿರುತ್ತೆ. ನಾವು ಹಾಕಿದ್ದನ್ನ ತಿಂದು ನೀರು ಮಾಡೋದು ಅದೇ. ಬೂದಿ ಅದಕ್ಕೆ ವಿಷ. ಅದನ್ನ ಸಾಯಿಸಿ, ಈಗ ನೀವೂ ಉಣ್ಣದೆ ಸಾಯೋಕೆ ಹೊರಟಿದೀರಿ."

ಅತ್ತೆ ಅತ್ತರು. ನಾನು ಮದುವೆಯಾಗಿ ಬಂದ ಮೇಲೆ, ಸೊಂಟ ಮುರಿದಾಗ ಕೂಡ, ಅವರು ಅತ್ತದ್ದನ್ನು ನೋಡಿರಲಿಲ್ಲ. ಅಳು ನಿಂತ ಮೇಲೆ ಕೇಳಿದ್ದು ಒಂದೇ, ಮಗನಿಗೆ ಇದನ್ನು ಹೇಳಬೇಡ ಎಂದು. ಹೇಳುವುದಿಲ್ಲ ಎಂದು ಅವರ ಕೈ ಮುಟ್ಟಿ ಮಾತು ಕೊಟ್ಟೆ. ಕೈ ಕಡ್ಡಿಯ ಹಾಗಿತ್ತು.

ಆ ಸಂಜೆ ಬಾಗಿಲ ಹಿಂದಿನಿಂದ ಭಾವನಿಗೆ ವರದಿ ಒಪ್ಪಿಸಿದೆ. ಟ್ಯಾಂಕಿನಲ್ಲಿ ಬೂದಿ ತುಂಬಿದೆ, ಬಳಿದು ತೆಗೆಸಬೇಕು, ಇಂಗುಗುಂಡಿಯ ಕಲ್ಲು ತೆಗೆದು ತೊಳೆದು ಮತ್ತೆ ತುಂಬಬೇಕು. ಬೂದಿ ಹಾಕಿದವರು ಯಾರು ಎಂದು ಅವರು ಕೇಳಿದರು. ಅದನ್ನು ಕೇಳಬೇಡಿ, ಇನ್ನು ಯಾರೂ ಹಾಕುವುದಿಲ್ಲ ಎಂದೆ. ಭಾವ ಬಿದಿರಿನ ಪಂಚೆಯನ್ನು ತರಿಸಿ ದೂರದಿಂದಲೇ ನೋಡಿದರು, ನೀರು ಕುಡಿದ ಕುಳಿಯನ್ನೂ ನೋಡಿದರು. ವ್ಯಾಪಾರಿಗೆ ಕಣ್ಣಿಗೆ ಕಂಡದ್ದರ ಮೇಲೆ ನಂಬಿಕೆ. ಮುಚ್ಚಲು ಬರಬೇಕಾಗಿದ್ದ ಆಳುಗಳನ್ನೇ ಬಿಚ್ಚಲು ಕರೆಸಿದರು.

ಟ್ಯಾಂಕು ಬಳಿಯಲು ಊರಿನ ಕಕ್ಕಸು ತೆಗೆಯುವ ಕೆಲಸದ ಇಬ್ಬರು ಬಂದರು. ಹಿತ್ತಲ ಬಾಗಿಲಿನಿಂದಲೇ ಬಂದರು. ಊರು ಆಗ ಹಾಗಿತ್ತು, ನಮ್ಮ ಮನೆಯೂ ಊರಿನ ಹಾಗೇ ಇತ್ತು. ನನ್ನ ಹಟ ಒಂದೇ, ಒಳಗೆ ಯಾರೂ ಇಳಿಯಕೂಡದು. ಶಿರಾದಲ್ಲಿ ಮುಚ್ಚಿಟ್ಟ ಹಾಳುಬಾವಿಗೆ ಇಳಿದ ಮನುಷ್ಯನೊಬ್ಬ ಮೇಲೆ ಬರದೇ ಹೋದದ್ದನ್ನು ನಾನು ಕಣ್ಣಾರೆ ಕಂಡವಳು. ಚಪ್ಪಡಿ ಪೂರ್ತಿ ತೆಗೆಸಿ ಒಂದು ಹಗಲು ಗಾಳಿಗೆ ಬಿಟ್ಟು, ಸೀಮೆಎಣ್ಣೆ ಡಬ್ಬವನ್ನು ಬಿದಿರಿಗೆ ಕಟ್ಟಿ ಮೇಲೆ ನಿಂತೇ ಬಳಿಸಿದೆ. ಹೊತ್ತು ಹಿಡಿಯಿತು, ಹಿಡಿಯಲಿ. ಬಳಿದದ್ದನ್ನು ಹಿತ್ತಲಾಚೆ ಆಳದ ಕುಳಿಯಲ್ಲಿ ಮಣ್ಣು ಮುಚ್ಚಿದರು. ಅವರ ಸ್ನಾನಕ್ಕೆ ಹಂಡೆ ತುಂಬ ನೀರು ಕಾಯಿಸಿದೆ. ಭಾವ ಹುಬ್ಬು ಗಂಟಿಕ್ಕಿದರು. ನಮ್ಮ ಮನೆಯದನ್ನು ಎತ್ತಿಹಾಕಿದವರಿಗೆ ನಮ್ಮ ಮನೆಯ ಬಿಸಿನೀರು ಸಲ್ಲದೇ ಎಂದು ಬಾಗಿಲ ಹಿಂದಿನಿಂದಲೇ ಕೇಳಿದೆ. ಹುಬ್ಬು ಸಡಿಲವಾಯಿತು.

ಅಷ್ಟರಲ್ಲಿ ನನ್ನ ಗಂಡ ಊರಿಗೆ ಬಂದರು. ಮಣ್ಣಿನ ಆಳುಗಳ ಜೊತೆ ಅವರೂ ಪಂಚೆ ಮೇಲೆ ಕಟ್ಟಿ ನಿಂತರು. ಎರಡೂ ಇಂಗುಗುಂಡಿಗಳ ಕಲ್ಲುಗಳನ್ನೆಲ್ಲ ಹೊರಗೆ ತೆಗೆದು, ಬಿಸಿಲಿಗೆ ಹರಡಿ, ಮೆತ್ತಿದ್ದನ್ನು ಕುಟ್ಟಿ ಉದುರಿಸಿ ತೊಳೆದರು. ಗುಂಡಿಯ ಒಳಮೈಯನ್ನು ಹೊಸ ಕೆಂಪುಮಣ್ಣು ಕಾಣುವವರೆಗೆ ಸಲಿಕೆಯಿಂದ ಕೆರೆಸಿದೆ. ಕೆಳಗೆ ದಪ್ಪ ಕಲ್ಲು, ಮೇಲೆ ಸಣ್ಣ ಕಲ್ಲು, ಅದರ ಮೇಲೆ ಮರಳು. ಟ್ಯಾಂಕಿನಿಂದ ಬರುವ ಕೊಳವೆಯೊಳಗೂ ಬೂದಿ ಕಟ್ಟಿತ್ತು. ಅದನ್ನೂ ಬಿದಿರಿನ ದಬ್ಬೆ ತೂರಿಸಿ ಬಿಡಿಸಿದ್ದಾಯಿತು.

ಟ್ಯಾಂಕಿನ ತಳದಲ್ಲಿ ನಾನು ಬೇಕೆಂದೇ ಸ್ವಲ್ಪ ಹಳೆಯ ರೊಚ್ಚು ಉಳಿಸಿದ್ದೆ. ನೀರು ತುಂಬಿಸಿದ ಮೇಲೆ ಒಂದು ಬುಟ್ಟಿ ಹಸಿ ಸಗಣಿ ಕದಡಿ, ಅತ್ತೆಯನ್ನು ಕೈಹಿಡಿದು ಕರೆತಂದು, ಅವರ ಕೈಯಿಂದಲೇ ಸುರಿಸಿದೆ. ಸಗಣಿಯೂ ಮೈಲಿಗೆ ಕಳೆಯುವ ಪದಾರ್ಥವೇ. ಇನ್ನು ಮೇಲೆ ಮನಸ್ಸಿಗೆ ಸಮಾಧಾನವಾಗದಿದ್ದರೆ ಬೂದಿಯ ಬದಲು ಒಂದು ಚೊಂಬು ಸಗಣಿನೀರು ಹಾಕಿ, ಗುಂಡಿಗೂ ಒಳ್ಳೆಯದು ಎಂದೆ. ಹೆಪ್ಪು ಕೂತ ಮೇಲೆ ಅದಕ್ಕೆ ದಿನಾ ಉಣ್ಣಲು ಹಾಕಬೇಕು, ಹಾಕದಿದ್ದರೆ ಮತ್ತೆ ಸಾಯುತ್ತದೆ ಎಂದೂ ಸೇರಿಸಿದೆ.

ಕೆಲವು ವಾರಗಳಲ್ಲಿ ಗುಂಡಿ ತನ್ನ ಕೆಲಸಕ್ಕೆ ತಾನು ಹತ್ತಿಕೊಂಡಿತು. ನೀರು ಸುರಿದರೆ ಗುಳಕ್ಕನೆ ಇಳಿಯುತ್ತಿತ್ತು. ದಾಳಿಂಬೆ ಗಿಡದ ಬುಡ ಒಣಗಿತು. ಪಕ್ಕದ ಮನೆಯ ಕಿಟಕಿ ತೆರೆಯಿತು, ಅದನ್ನು ಮಾತ್ರ ಅವರು ಸದ್ದಿಲ್ಲದೆ ತೆರೆದರು. ಬಟ್ಟೆ ಸುತ್ತಿದ ಬಿದಿರನ್ನು ಇಳಿಸಿ ನೋಡಿದೆ. ತಳದಲ್ಲಿ ತೆಳ್ಳಗೆ, ಕಪ್ಪಗೆ, ಹೇಗಿರಬೇಕೋ ಹಾಗೆಯೇ ಇತ್ತು. ಅಪ್ಪ ಇದ್ದಿದ್ದರೆ ಶಾಭಾಷ್ ಎನ್ನುತ್ತಿದ್ದರು. ಅವರಿಲ್ಲದ್ದರಿಂದ ನಾನೇ ಅಂದುಕೊಂಡೆ.

ಆದರೆ ಅತ್ತೆಯ ತಣಿಗೆಯಲ್ಲಿ ಮಾತ್ರ ಅರ್ಧ ಮುದ್ದೆಯೇ. ಗುಂಡಿ ಸರಿಹೋದದ್ದು ಅವರ ಕಣ್ಣಿಗೆ ಕಾಣುತ್ತಿತ್ತು, ಮನಸ್ಸಿಗೆ ಇಳಿದಿರಲಿಲ್ಲ. ಅಷ್ಟೆಲ್ಲ ರಿಪೇರಿ ಮಾಡಿದ ನನಗೆ ಇದೊಂದಕ್ಕೆ ಯಾವ ಹಾರೆಯೂ ಸಿಕ್ಕಲಿಲ್ಲ. ನಿತ್ಯವೂ ಇಡೀ ಮುದ್ದೆ ಕಟ್ಟಿ ತರುತ್ತಿದ್ದೆ, ನಿತ್ಯವೂ ಅವರು ಅರ್ಧ ಮುರಿದು ಹಿಂದಕ್ಕೆ ಕೊಡುತ್ತಿದ್ದರು.

ಒಂದು ಮಧ್ಯಾಹ್ನ ಅವರೆಕಾಳಿನ ಸಾರು. ಭಾವ ಒಳ್ಳೆಯ ಲಹರಿಯಲ್ಲಿದ್ದರು. ಗುಂಡಿಯೇನೋ ಬದುಕಿತು, ಆದರೆ ಅದಕ್ಕೆ ಬೂದಿ ಹಾಕಿದ ಪುಣ್ಯಾತ್ಮ ಯಾರು ಎಂದು ಇನ್ನೂ ಗೊತ್ತಾಗಲಿಲ್ಲವಲ್ಲ ಎಂದು ಬಾಗಿಲ ಕಡೆ ನೋಡಿ ನಕ್ಕರು. ಬಾಗಿಲ ಹಿಂದೆ ನಾನು ಉಸಿರೆತ್ತಲಿಲ್ಲ. ಮಾತು ಕೊಟ್ಟಿದ್ದೆನಲ್ಲ.

"ನಾನೇ ಕಣ್ಲಾ," ಎಂದರು ಅತ್ತೆ. "ಒಬ್ಬ್ ಮುದುಕಿ ಗುಂಡಿ ತುಂಬುಸ್ಬುಟ್ಲು ಅಂದ್ಯಲ್ಲ, ಅವತ್ತಿಂದ ಎರಡು ಕುಡಿಕೆ ಆಕ್ದೆ. ಉಣ್ಣೋದೂ ಬುಟ್ಟೆ."

ಬಾಗಿಲ ಸಂದಿಯಿಂದ ನೋಡಿದೆ. ಭಾವನ ಕೈ ಸಾರಿನಲ್ಲೇ ನಿಂತಿತ್ತು. ಅವರು ತಾಯಿಯ ಅರ್ಧ ಮುದ್ದೆಯನ್ನು, ಮೊಣಕೈಗೆ ಜಾರಿದ ಕಡಗವನ್ನು, ಮೊದಲ ಸಲ ಕಂಡವರ ಹಾಗೆ ನೋಡುತ್ತಿದ್ದರು. ಅವರ ಬಾಯಿಂದ ಗೇಲಿಯ ಮಾತು ಬರಲಿಲ್ಲ. "ಅವ್ವ" ಎಂದರು. ಕಣ್ಣು ತುಂಬಿಕೊಂಡದ್ದನ್ನು ಎಡಗೈಯ ಹಿಂಭಾಗದಿಂದ ಒರೆಸಿಕೊಂಡರು.

ಅತ್ತೆ ತಣಿಗೆಯಲ್ಲಿದ್ದ ಅರ್ಧ ಮುದ್ದೆಯನ್ನು ಸಾರಿಗೆ ಅದ್ದಿ ಉಂಡು ಮುಗಿಸಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, ಹಳೆಯ ಕಾಲದ ದನಿಯಲ್ಲಿ ಕೂಗಿದರು.

"ಲೇ, ಗುಂಡಿಗೆ ದಿನಾ ಉಣ್ಣಾಕಾಕ್ಬೇಕು ಅಂದ್ಯಲ್ಲೇ. ಇನ್ನೊಂದು ಮುದ್ದೆ ಆಕು ಬಾ. ಮಜ್ಜಿಗೆ ಚೊಂಬಲ್ಲೇ ತಾ."

ಭಾವ ಎದುರಿಗಿದ್ದಾರೆ ಎನ್ನುವುದನ್ನೂ ಮರೆತು ನಾನು ತಲೆ ಎತ್ತಿಕೊಂಡೇ ಹೊರಗೆ ಬಂದೆ. ಅಡುಗೆಮನೆಯಲ್ಲಿ ಉಳಿದಿದ್ದದ್ದು ನನ್ನ ಪಾಲಿನ ಒಂದೇ ಮುದ್ದೆ. ಅದನ್ನೇ ಅವರ ತಣಿಗೆಗೆ ಹಾಕಿದೆ. ಅತ್ತೆ ಕೊನೆಯ ತುತ್ತಿನವರೆಗೂ ಉಂಡರು. ಆಮೇಲೆ ನಾನು ಒಳಗೆ ಹೋಗಿ ನನಗಾಗಿ ಮತ್ತೆ ಎಸರಿಟ್ಟೆ.